ಹಿತ್ತಿಲ ಹುಳುವಿಗೂ ಒಂದು ಫೋಟೋ

ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟು, ನಾಲ್ಕು ಎಸಳು ಕರಿಬೇವು ಮುರಿದು ತರೋಣವೆಂದು ಹಿತ್ತಿಲಿಗೆ ಓಡುತ್ತೀರಿ. ಕೈ ಹಾಕಿದ ಎಸಳಿನ ಮೇಲೆಯೇ ಹಕ್ಕಿಯ ಹಿಕ್ಕೆ! "ಇಶ್ಶೀ" ಅಂತ ಕೈ ಹಿಂದೆ ತೆಗೆದುಕೊಂಡು ಬೇರೆ ಎಸಳು ಮುರಿಯುತ್ತೀರಿ. ಮರುದಿನ ನೋಡಿದರೆ ಆ ಹಿಕ್ಕೆ ಎರಡು ಎಲೆ ಆಚೆಗೆ ಸರಿದಿರುತ್ತದೆ. ಹಿಕ್ಕೆಗೆಲ್ಲಾದರೂ ಕಾಲು ಬಂದೀತೇ?

ಬಂದಿದೆ, ಸೋದರಿಯರೇ. ಅದು ಹಿಕ್ಕೆಯಲ್ಲ, ಹಿಕ್ಕೆಯ ವೇಷ ಹಾಕಿದ ಚಿಟ್ಟೆಯ ಮರಿ. ಹಕ್ಕಿಗಳು ತನ್ನನ್ನು ತಿನ್ನದಿರಲಿ ಅಂತ ಅದು ಹೂಡಿದ ಆಟ. ನೀವು ಹೇಸಿಕೊಂಡು ಕೈ ಹಿಂದೆ ತೆಗೆದಿರಲ್ಲ, ಹಕ್ಕಿಯೂ ಹಾಗೆಯೇ ಕೊಕ್ಕು ಹಿಂದೆ ತೆಗೆಯುತ್ತದೆ!

ಇಂಥ ನೂರು ಆಟಗಳು ಕಾರವಾರ, ಅಂಕೋಲೆಯ ಕಡೆಯ ಪ್ರತಿ ಹಿತ್ತಿಲಲ್ಲೂ ದಿನವೂ ನಡೆಯುತ್ತವೆ. ಬರಿಗಣ್ಣಿಗೆ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧ ಕಾಣಬೇಕೆಂದರೆ ಹುಳುವಿನ ಹತ್ತಿರಕ್ಕೆ, ತೀರಾ ಹತ್ತಿರಕ್ಕೆ ಹೋಗಿ ಫೋಟೋ ತೆಗೆಯಬೇಕು. ಇದಕ್ಕೆ ಮ್ಯಾಕ್ರೋ ಫೋಟೋಗ್ರಫಿ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ನಿಮ್ಮ ಕೈಗೆ ಎಟುಕದ್ದೇನಲ್ಲ. ಸೂಜಿಗೆ ದಾರ ಪೋಣಿಸಬಲ್ಲ ಕೈಗೆ ಇದೂ ಬರುತ್ತದೆ.

ಕಾರವಾರಕ್ಕೆ ಇದು ಹೊಸದಲ್ಲ

"ಹುಳು ಹುಪ್ಪಟೆ ನೋಡುತ್ತ ಕೂರುವುದು ಕೆಲಸವಿಲ್ಲದವರ ಕೆಲಸ" ಎಂದು ಮನೆಯಲ್ಲಿ ಯಾರಾದರೂ ನಕ್ಕರೆ, ಅವರಿಗೆ ಈ ಕತೆ ಹೇಳಿ.

ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1890ರ ದಶಕದಲ್ಲಿ ಈ ಜಿಲ್ಲೆಯಲ್ಲಿ ಮೂವರು ಸರಕಾರಿ ಅಧಿಕಾರಿಗಳಿದ್ದರು. ಕಲೆಕ್ಟರ್ ಜೆ. ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ.ಆರ್. ಬೆಲ್, ಉಪ್ಪಿನ ಸುಂಕದ ಇಲಾಖೆಯ ಇ.ಎಚ್. ಏಟ್ಕಿನ್. ಕಚೇರಿಯ ಕೆಲಸ ಮುಗಿದ ಮೇಲೆ ಮೂವರಿಗೂ ಒಂದೇ ಹುಚ್ಚು, ಚಿಟ್ಟೆಗಳದ್ದು. ರೆಕ್ಕೆಯ ಅಂದ ನೋಡಿ ಸುಮ್ಮನಾದವರಲ್ಲ ಇವರು. ಮೊಟ್ಟೆ ಎಲ್ಲಿ, ಮರಿ ಯಾವ ಎಲೆ ತಿನ್ನುತ್ತದೆ, ಗೂಡು ಹೇಗೆ ಕಟ್ಟುತ್ತದೆ ಎಂದು ಮರಿಗಳನ್ನು ಸಾಕಿ ಸಾಕಿ ಬರೆದಿಟ್ಟರು. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಈ ಮೂವರ ದೀರ್ಘ ಲೇಖನಮಾಲೆ 1896ರಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತದ ಚಿಟ್ಟೆಗಳ ಬಾಳಿನ ಬಗ್ಗೆ ಬರೆಯುವವರು ಇಂದಿಗೂ ಅದನ್ನು ತೆಗೆದು ನೋಡುತ್ತಾರೆ. ಬೆಲ್ ಅವರಂತೂ ನಿವೃತ್ತಿಯ ನಂತರ ಕಾರವಾರದಲ್ಲೇ ನೆಲೆಸಿ, 1948ರಲ್ಲಿ ತೀರಿಕೊಂಡರು.

ಅವರೇನೋ ಅಧಿಕಾರಿಗಳು, ಆಳುಕಾಳು ಇದ್ದವರು ಎನ್ನುತ್ತೀರಾ? ಹಾಗಾದರೆ ಇನ್ನೂ ಹಿಂದಕ್ಕೆ ಹೋಗೋಣ. ಜರ್ಮನಿಯಲ್ಲಿ 1647ರಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್ ಎಂಬಾಕೆ ಎರಡು ಹೆಣ್ಣುಮಕ್ಕಳ ತಾಯಿ. ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಎಷ್ಟೋ ಜನ ನಂಬಿದ್ದ ಕಾಲ ಅದು. ಈಕೆ ಕಂಬಳಿಹುಳಗಳನ್ನು ಮನೆಯಲ್ಲೇ ಸಾಕಿ, ಮೊಟ್ಟೆಯಿಂದ ಚಿಟ್ಟೆಯವರೆಗೆ ಪ್ರತಿ ಹಂತವನ್ನೂ ಅದು ತಿನ್ನುವ ಗಿಡದ ಸಮೇತ ಚಿತ್ರ ಬರೆದರು. 1699ರಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ, ಕಿರಿಯ ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದರು. ಅಲ್ಲಿಯ ಕೀಟಗಳ ಮೇಲೆ ಅವರು ಮಾಡಿದ ಪುಸ್ತಕ 1705ರಲ್ಲಿ ಹೊರಬಂತು. ಕ್ಯಾಮೆರಾ ಎಂಬ ವಸ್ತುವೇ ಇಲ್ಲದ ಕಾಲದ ಮಾತಿದು!

ನಮ್ಮ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರನ್ನು ನೀವು ಬಲ್ಲಿರಿ. ಓದುಬರಹ ಕಲಿಯದ ಆ ತಾಯಿ ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದುಡಿಯುತ್ತ, ಯಾವ ಮರದ ಬೀಜ ಯಾವಾಗ ಆರಿಸಬೇಕು ಎಂಬುದನ್ನು ಕಣ್ಣಿನಿಂದಲೇ ಕಲಿತರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. 2024ರ ಡಿಸೆಂಬರಿನಲ್ಲಿ ನಮ್ಮನ್ನು ಅಗಲಿದರು. ದಿನವೂ ಅದೇ ಗಿಡವನ್ನು ಅಕ್ಕರೆಯಿಂದ ನೋಡುವವರಿಗೆ ಗಿಡ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಇನ್ನು, ಹಿತ್ತಿಲ ಗಿಡವನ್ನು ದಿನಕ್ಕೆ ಮೂರು ಸಲ ನೋಡುವವರು ಯಾರು ಹೇಳಿ? ವಿಜ್ಞಾನಿಯೂ ಅಲ್ಲ, ಪೇಟೆಯಿಂದ ಬರುವ ಫೋಟೋಗ್ರಾಫರನೂ ಅಲ್ಲ. ನೀವೇ.

ಎಲ್ಲಿ, ಏನು ನೋಡಬೇಕು?

*ಕರಿಬೇವು ಮತ್ತು ಲಿಂಬೆ:* ಮೊದಲ ಪಾಠ ಇಲ್ಲಿಂದಲೇ ಆಗಲಿ. ಚಿಗುರೆಲೆಯ ಮೇಲೆ ಸಾಸಿವೆ ಕಾಳಿಗಿಂತಲೂ ಚಿಕ್ಕದಾದ, ತಿಳಿಹಳದಿ ಬಣ್ಣದ ಗುಂಡು ಮೊಟ್ಟೆ ಹುಡುಕಿ. ಅದು ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯದ್ದೋ ಲಿಂಬೆ ಚಿಟ್ಟೆಯದ್ದೋ ಆಗಿರುತ್ತದೆ. ಮರಿ ಹೊರಬಂದ ಕೂಡಲೇ ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ನಾಲ್ಕು ಸಲ ಪೊರೆ ಬಿಡುವವರೆಗೂ ಅದಕ್ಕೆ ಹಿಕ್ಕೆಯ ವೇಷ. ಆಮೇಲೆ ಒಮ್ಮೆಲೇ ಹಸಿರು ಅಂಗಿ! ತಲೆಯ ಹಿಂದೆ ಎರಡು ಹುಸಿಕಣ್ಣು. ಮೆಲ್ಲಗೆ ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಬಂದು ವಾಸನೆ ಬೀರುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗಲು ಹೆಚ್ಚುಕಡಿಮೆ ಒಂದು ತಿಂಗಳು. ದಿನಕ್ಕೊಂದು ಫೋಟೋ ತೆಗೆದರೂ ತಿಂಗಳ ಕೊನೆಗೆ ಒಂದು ಆಲ್ಬಮ್ಮೇ ಆಯಿತು.

ಈ ಮಾರ್ಮನ್ ಚಿಟ್ಟೆಯ ಇನ್ನೊಂದು ತಮಾಷೆ ಕೇಳಿ. ಗಂಡಿಗೆ ಒಂದೇ ಬಗೆಯ ರೆಕ್ಕೆ. ಹೆಣ್ಣಿಗೆ ಮೂರು ಬಗೆ! ಒಂದು ಬಗೆಯ ಹೆಣ್ಣು ಗಂಡಿನ ಹಾಗೆಯೇ ಇರುತ್ತದೆ. ಉಳಿದ ಎರಡು ಬಗೆ ಮಾತ್ರ ಕೆಂಪು ಬೊಟ್ಟಿನ 'ಕಾಮನ್ ರೋಸ್', 'ಕ್ರಿಮ್ಸನ್ ರೋಸ್' ಚಿಟ್ಟೆಗಳ ಪಡಿಯಚ್ಚು. ಆ ರೋಸ್ ಚಿಟ್ಟೆಗಳು ಈಶ್ವರಿ ಬಳ್ಳಿಯ ಎಲೆ ತಿಂದು ಬೆಳೆದು ಮೈಯಲ್ಲಿ ವಿಷ ತುಂಬಿಕೊಂಡಿರುತ್ತವೆ, ಹಕ್ಕಿಗಳು ಅವನ್ನು ಮುಟ್ಟುವುದಿಲ್ಲ. ಪರರ ಸೀರೆ ಉಟ್ಟು ಜೀವ ಉಳಿಸಿಕೊಳ್ಳುವ ಜಾಣ್ಮೆ ಇದು. ನಿಜವಾದ ರೋಸ್ ಚಿಟ್ಟೆಯ ಮೈ ಕೆಂಪು, ವೇಷದವಳ ಮೈ ಕಪ್ಪು. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಗುಟ್ಟು ಬಯಲು.

*ಮಾವು:* ಅಂಕೋಲೆಯವರಿಗೆ ಮಾವು ಅಂದರೆ ಕರಿ ಇಶಾಡವೇ. 2023ರಲ್ಲಿ ಅದಕ್ಕೆ ಜಿ.ಐ. ಮಾನ್ಯತೆಯೂ ಬಂತು. ಹಣ್ಣಿನ ಕಾಲ ಮುಗಿದ ಮೇಲೂ ಮರದ ಕೆಳಗೆ ಹೋಗಿ ಎಲೆಗಳನ್ನು ನೋಡಿ. ಬ್ಯಾರನ್ ಎಂಬ ಚಿಟ್ಟೆಯ ಮರಿ ಮಾವಿನ ಎಲೆಯ ನಡುನರಕ್ಕೆ ಸರಿಯಾಗಿ ಮೈ ಹೊಂದಿಸಿ ಮಲಗಿರುತ್ತದೆ. ಬದಿಯ ಮುಳ್ಳುಗಳು ಗರಿಯಂತೆ ಹರಡಿ ಎಲೆಯೊಳಗೇ ಕರಗಿಹೋಗಿರುತ್ತವೆ. ಬೆನ್ನ ಮೇಲಿನ ಹಳದಿ ಗೆರೆಯೂ ಎಲೆಯ ನರದಂತೆಯೇ. ಒಮ್ಮೆ ಕಂಡುಹಿಡಿದರೆ ಆಮೇಲೆ ಕಣ್ಣು ಪಳಗುತ್ತದೆ.

ಅದೇ ಮರದಲ್ಲಿ ಎಲೆ ಹೊಲಿದು ಗೂಡು ಮಾಡುವ ಕೆಂಪು ಚಗಳಿ ಇರುವೆಗಳೂ ಇರುತ್ತವೆ. ಸಾಲಾಗಿ ನಿಂತು, ಒಂದರ ಸೊಂಟ ಒಂದು ಹಿಡಿದು ಎರಡು ಎಲೆಗಳ ಅಂಚು ಎಳೆದು ಕೂಡಿಸುತ್ತವೆ. ಬೇರೆ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ಅತ್ತಿಂದಿತ್ತ ಆಡಿಸುತ್ತವೆ. ನೂಲು ಬರುವುದು ಆ ಮರಿಹುಳುವಿನಿಂದ! ಮಗ್ಗದ ಲಾಳಿಯ ಹಾಗೆ ಮಗುವನ್ನೇ ಬಳಸುವ ನೇಕಾರರು ಇವರು. ಕಚ್ಚಿದರೆ ಉರಿಯೇನೋ ನಿಜ. ಆದರೆ ಮಾವು, ಗೇರು ಮರಗಳ ಕೀಟ ಹಿಡಿದು ತಿನ್ನುವ ಕಾವಲುಗಾರರೂ ಇವರೇ.

ಈ ಇರುವೆಗಳ ಸಾಲಿನಲ್ಲಿ ಒಂದು ಕಳ್ಳನಿದ್ದಾನೆ. ಬಣ್ಣ, ನಡಿಗೆ, ಸೊಂಟ ಎಲ್ಲ ಇರುವೆಯದೇ. ಫೋಟೋದಲ್ಲಿ ಕಾಲು ಎಣಿಸಿ, ಎಂಟು ಬಂದರೆ ಅದು ಜೇಡ! ಮುಂದಿನ ಎರಡು ಕಾಲುಗಳನ್ನು ಮೀಸೆಯಂತೆ ಎತ್ತಿ ಆಡಿಸುತ್ತ ಇರುವೆಯೆಂದು ನಂಬಿಸುತ್ತದೆ. ಬರಿಗಣ್ಣು ಮೋಸಹೋಗುವಲ್ಲಿ ಮ್ಯಾಕ್ರೋ ಫೋಟೋ ಮೋಸಹೋಗುವುದಿಲ್ಲ.

*ಕಿಟಕಿಯ ಚೌಕಟ್ಟು:* ಮಳೆಯ ದಿನ ಹಿತ್ತಿಲಿಗೆ ಹೋಗಲಾಗದಿದ್ದರೆ ಮನೆಯೊಳಗೇ ನೋಡಿ. ಕುಂಬಾರ ಕಣಜ ಮಣ್ಣಿನ ಪುಟ್ಟ ಗಡಿಗೆ ಕಟ್ಟುತ್ತದೆ, ಕುತ್ತಿಗೆ ಸಮೇತ. ಒಳಗೆ ನೂಲಿನಲ್ಲಿ ಒಂದು ಮೊಟ್ಟೆ ತೂಗುಬಿಟ್ಟು, ಕುಟುಕಿ ಜಡಗೊಳಿಸಿದ ಹುಳುಗಳನ್ನು ಮರಿಯ ಊಟಕ್ಕೆಂದು ತುಂಬಿ, ಬಾಯಿ ಮುಚ್ಚಿ ಹೋಗುತ್ತದೆ. ಮಗುವಿನ ಮುಖ ಆ ತಾಯಿ ನೋಡುವುದೇ ಇಲ್ಲ. ಬುತ್ತಿ ಮಾತ್ರ ಕಟ್ಟಿಟ್ಟಿರುತ್ತಾಳೆ. ಇಂಥ ಗಡಿಗೆಯನ್ನು ಪೊರಕೆಯಿಂದ ಒಡೆಯುವ ಮೊದಲು ನಾಲ್ಕು ದಿನ ತಡೆಯಿರಿ.

ಸಲಕರಣೆ: ಇದ್ದದ್ದರಲ್ಲೇ

ನಿಜವಾದ ಮ್ಯಾಕ್ರೋ ಅಂದರೆ ಒಂದು ಸೆಂಟಿಮೀಟರ್ ಉದ್ದದ ಹುಳುವಿನ ಬಿಂಬ ಕ್ಯಾಮೆರಾದ ಒಳಗಿನ ಫಲಕದ ಮೇಲೂ ಒಂದು ಸೆಂಟಿಮೀಟರ್ ಇರಬೇಕು. ಇದಕ್ಕೆಂದೇ ಮಾಡಿದ ಲೆನ್ಸುಗಳು ದುಬಾರಿ. ಮನೆಯಲ್ಲಿ ಹಳೆಯ 50 ಮಿ.ಮೀ. ಲೆನ್ಸ್ ಇದ್ದರೆ ಅದನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಜೋಡಿಸುವ ಬಳೆಯೊಂದು ಸಿಗುತ್ತದೆ, ಕಡಿಮೆ ಖರ್ಚಿನ ಹಳೆಯ ಉಪಾಯ.

ಅದೂ ಬೇಡವೆಂದರೆ ಕೈಯಲ್ಲಿರುವ ಮೊಬೈಲೇ ಸಾಕು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಫೋನಿಗೆ ಸಿಕ್ಕಿಸುವ ಪುಟ್ಟ ಮ್ಯಾಕ್ರೋ ಲೆನ್ಸ್ ಕೆಲವೇ ನೂರು ರೂಪಾಯಿಗೆ ಬರುತ್ತದೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿಯನ್ನು ಫೋನಿನ ಲೆನ್ಸಿನ ಮುಂದೆ ಅಂಟುಪಟ್ಟಿಯಿಂದ ಕೂರಿಸಿದರೂ ನಡೆಯುತ್ತದೆ. ಮೊದಲು ಅದನ್ನು ಮಾಡಿ ನೋಡಿ. ಆಸಕ್ತಿ ನಿಂತರೆ ಮುಂದಿನ ಖರ್ಚು ಯೋಚಿಸಿದರಾಯಿತು.

ತೆಗೆಯುವ ಬಗೆ

1. ಬೆಳಗ್ಗೆ ಬೇಗ ಹೋಗಿ. ಹುಳುಗಳ ಮೈ ಬಿಸಿಲಿನಿಂದ ಕಾಯಬೇಕು, ತಂಪಿನ ಹೊತ್ತಿನಲ್ಲಿ ಅವು ಜಡವಾಗಿರುತ್ತವೆ. ನಮ್ಮ ಕರಾವಳಿಯಲ್ಲಿ ಹೊತ್ತು ಏರಿದಂತೆ ಸಮುದ್ರದ ಗಾಳಿ ಶುರುವಾಗಿ ಎಲೆಗಳು ನಿಲ್ಲುವುದೇ ಇಲ್ಲ. ತಿಂಡಿಯ ಕೆಲಸಕ್ಕೆ ಮೊದಲಿನ ಹತ್ತು ನಿಮಿಷವೇ ಚಿನ್ನದಂಥದ್ದು.

2. ಇಷ್ಟು ಹತ್ತಿರದಿಂದ ತೆಗೆದಾಗ ಸ್ಪಷ್ಟವಾಗಿ ಕಾಣುವ ಪದರ ಒಂದು ಅಕ್ಕಿಕಾಳಿನ ದಪ್ಪದಷ್ಟೂ ಇರುವುದಿಲ್ಲ. ಆದ್ದರಿಂದ ಹುಳುವಿನ ಮೈ ಕ್ಯಾಮೆರಾಕ್ಕೆ ಅಡ್ಡವಾಗಿ ಇರುವಂತೆ ನಿಲ್ಲಿ. ಉಳಿದದ್ದು ಮಸುಕಾದರೂ ಸರಿ, ಕಣ್ಣು ಮಾತ್ರ ಸ್ಪಷ್ಟವಿರಲಿ.

3. ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು, ನೀವೇ ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಯಿರಿ. ಕ್ಯಾಮೆರಾದ ತಿರುಪು ತಿರುಗಿಸುತ್ತ ಕೂತರೆ ಹುಳು ಹಾರಿಹೋದೀತು. ಹತ್ತು ತೆಗೆದರೆ ಒಂದು ಚೆನ್ನಾಗಿ ಬಂದೀತು. ಅದು ನುರಿತವರ ಲೆಕ್ಕವೂ ಹೌದು.

4. ಬಿಸಿಲು ನೇರ ಬಿದ್ದರೆ ಹುಳುವಿನ ಬೆನ್ನು ಕನ್ನಡಿಯಂತೆ ಮಿಂಚಿ ಬಣ್ಣ ಹಾಳು. ಬಿಳಿ ಪಂಚೆಯ ತುಂಡೋ ಬೆಣ್ಣೆಕಾಗದವೋ ಮೇಲೆ ಅಡ್ಡ ಹಿಡಿಯಲು ಮಕ್ಕಳನ್ನು ಕರೆಯಿರಿ. "ಆಯೀ, ಇದೆಂತಾ ಹುಳ?" ಅನ್ನುವ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

5. ಎಲೆಯನ್ನು ಕಿತ್ತು ಹುಳುವನ್ನು ಒಳಗೆ ತರುವುದು, ಓಡದಿರಲಿ ಅಂತ ಫ್ರಿಜ್ಜಿನಲ್ಲಿಡುವುದು, ಅಂಟು ಹಚ್ಚುವುದು ಬೇಡವೇ ಬೇಡ. ಜೀವಕ್ಕೆ ನೋವು ಕೊಟ್ಟು ತೆಗೆದ ಚಿತ್ರ ನಮಗೇಕೆ?

6. ಚಪ್ಪಲಿ ಹಾಕಿಕೊಳ್ಳಿ. ಕೈಯಿಡುವ ಮೊದಲು ಒಣಗಿದ ಎಲೆಯ ರಾಶಿಯನ್ನು ಕೋಲಿನಿಂದ ತಟ್ಟಿ, ಹಾವು ಚೇಳು ಇದ್ದೀತು. ರೋಮದ ಕಂಬಳಿಹುಳವನ್ನು ಮುಟ್ಟಬೇಡಿ, ತುರಿಕೆ ಏಳುತ್ತದೆ. ಕಾರವಾರದ ಕಡೆಯವರಿಗೆ ಇನ್ನೊಂದು ಮಾತು: ನೌಕಾನೆಲೆಯ ಗೋಡೆಯ ಹತ್ತಿರ ಚಿಟ್ಟೆ ಎಷ್ಟೇ ಚೆಂದವಿರಲಿ, ಕ್ಯಾಮೆರಾ ಎತ್ತಬೇಡಿ.

ಮಳೆಗಾಲದ ಜೋಪಾನ

ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಹಪ್ಪಳಕ್ಕೆ ಬರುವ ಬೂಸ್ಟು ಲೆನ್ಸಿಗೂ ಬರುತ್ತದೆ. ಗಾಜಿನೊಳಗೆ ಬೇರಿನಂತೆ ಹರಡಿತೆಂದರೆ ಲೆನ್ಸ್ ಹೋದ ಹಾಗೆಯೇ. ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣದ ಜೆಲ್ ಆದರೆ ತೇವ ಹೀರಿದಾಗ ಬಣ್ಣ ಬದಲಾಗುತ್ತದೆ. ಆಗ ಹರಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಆರಿಸಿದರೆ ಮತ್ತೆ ಬಳಸಬಹುದು. ಆ ಬಾಣಲೆ ಅಡಿಗೆಗೆ ಬೇಡ. ಇನ್ನು, ಲೆನ್ಸನ್ನು ಸೆರಗಿನಿಂದ ಒರೆಸುವ ಅಭ್ಯಾಸ ಬಿಡಿ. ನಮ್ಮ ಗಾಳಿಯಲ್ಲಿ ಉಪ್ಪು, ಮರಳು ಎರಡೂ ಇವೆ, ಗಾಜು ಗೀರುತ್ತದೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಲೆನ್ಸ್ ಬಟ್ಟೆಯಿಂದ ಒರೆಸಿ.

ಹುಳು ಬೇಕೋ, ಕರಿಬೇವು ಬೇಕೋ?

ನಿಜವಾದ ಪ್ರಶ್ನೆ ಇಲ್ಲಿದೆ. "ಫೋಟೋ ಎಲ್ಲ ಸರಿ, ಗಿಡದ ಎಲೆಯನ್ನೆಲ್ಲ ಹುಳ ತಿಂದರೆ ಸಾರಿಗೆ ಏನು ಹಾಕೂದು?" ಎಂದು ಅತ್ತೆಯವರು ಕೇಳಿದರೆ ಅದು ತಪ್ಪೇನಲ್ಲ. ಮೊಣಕಾಲುದ್ದದ ಸಸಿಯಲ್ಲಿ ಐದಾರು ಮರಿಗಳಿದ್ದರೆ ನಾಲ್ಕು ದಿನದಲ್ಲಿ ಗಿಡ ಬೋಳು.

ಹಾಗೆಂದು ಅಂಗಡಿಯಿಂದ ಔಷಧ ತಂದು ಸಿಂಪಡಿಸಿದರೆ ಹುಳು ಸಾಯುತ್ತದೆ, ಸರಿ. ಆದರೆ ಆ ಎಲೆ ನಾಳೆ ನಿಮ್ಮ ಸಾರಿಗೇ ಬೀಳುವುದು. ಸೀರಣಿಗೆ ಹುಳುವನ್ನು ತಿನ್ನುವ ಗುಲಗಂಜಿ ಹುಳ, ಲಿಂಬೆ ಹೂವಿಗೆ ಬರುವ ತುಡುವೆ ಜೇನು, ಮಿಸ್ರಿ ಜೇನು ಎಲ್ಲವೂ ಅದೇ ವಿಷಕ್ಕೆ ಬಲಿ. ಜೇನು ಬಾರದಿದ್ದರೆ ಹಾಗಲ, ಸೌತೆ, ಕುಂಬಳದ ಬಳ್ಳಿಯಲ್ಲಿ ಹೂವು ಬಿಟ್ಟೂ ಕಾಯಿ ಕಚ್ಚುವುದಿಲ್ಲ.

ನಡುದಾರಿ ಹೀಗಿದೆ. ಗಿಡ ಚಿಕ್ಕದಿದ್ದರೆ ಮರಿ ಕೂತ ಎಸಳನ್ನೇ ಕತ್ತರಿಸಿ, ನೆರೆಮನೆಯ ದೊಡ್ಡ ಕರಿಬೇವಿನ ಮರದ ಮೇಲೆ ಇಟ್ಟು ಬನ್ನಿ. ಮರಿ ತಾನಾಗಿಯೇ ಹೊಸ ಎಲೆಗೆ ಹತ್ತಿಕೊಳ್ಳುತ್ತದೆ. ಇನ್ನೂ ಒಳ್ಳೆಯದೆಂದರೆ ಎರಡು ಸಸಿ ನೆಡಿ, ಒಂದು ಅಡಿಗೆಗೆ, ಒಂದು ಅವಕ್ಕೆ. ದೊಡ್ಡ ಮರಕ್ಕಂತೂ ನಾಲ್ಕು ಮರಿ ಲೆಕ್ಕವೇ ಅಲ್ಲ, ತಿಂದ ಕಡೆ ಮತ್ತೆ ಚಿಗುರುತ್ತದೆ. ಅರ್ಧಕ್ಕರ್ಧ ಮರಿಗಳನ್ನು ಹಕ್ಕಿ, ಕಣಜ, ಇರುವೆಗಳೇ ಮುಗಿಸಿಬಿಡುತ್ತವೆ, ನಿಮ್ಮ ಕೈ ಬೇಕಾಗುವುದಿಲ್ಲ.

ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿದರಂತೂ ರೋಸ್ ಚಿಟ್ಟೆಗಳು ಬರುತ್ತವೆ. ಅದೃಷ್ಟವಿದ್ದರೆ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಬಂದೀತು. ಹಳದಿ ರೆಕ್ಕೆ, ಮೈಯಲ್ಲಿ ಕೆಂಪು, ನಮ್ಮ ನಾಡಿನ ಬಾವುಟದ್ದೇ ಬಣ್ಣ. ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರಿನವರೆಗೂ ಇರುತ್ತದೆ!

ಚಿತ್ರದ ಜೊತೆ ಒಂದು ಸಾಲು

ತೆಗೆದ ಫೋಟೋ ಫೋನಿನಲ್ಲೇ ಕೊಳೆಯದಿರಲಿ. ಹಾಲಿನ ಲೆಕ್ಕದ ಪುಸ್ತಕದ ಹಾಗೆ ಒಂದು ನೋಟ್‌ಬುಕ್ ಇಡಿ. ತಾರೀಕು, ಗಿಡದ ಹೆಸರು, ಹುಳು ಏನು ಮಾಡುತ್ತಿತ್ತು, ಮಳೆಯೋ ಬಿಸಿಲೋ, ಇಷ್ಟು ಬರೆದರೆ ಸಾಕು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಮುಂತಾದ ತಾಣಗಳಿಗೆ ಫೋಟೋ ಕಳಿಸಿದರೆ ಬಲ್ಲವರು ಹೆಸರು ಗುರುತಿಸಿ ಹೇಳುತ್ತಾರೆ. ಕಳಿಸುವಾಗ ನಿಮ್ಮ ಮನೆಯ ನಿಖರ ಸ್ಥಳ ಕಾಣದಂತೆ ಮರೆಮಾಡುವ ಸೌಲಭ್ಯ ಐನ್ಯಾಚುರಲಿಸ್ಟಿನಲ್ಲಿದೆ, ಅದನ್ನು ತಪ್ಪದೆ ಬಳಸಿ.

ಇದರಿಂದ ಏನು ಲಾಭ ಅಂತೀರಾ? ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಕಡಲ ಬದಿಯ ಹಲವು ಹಳ್ಳಿಗಳು ಜಾಗ ಬಿಟ್ಟುಕೊಟ್ಟವು. ಅಲ್ಲಿಯ ಹಿತ್ತಿಲುಗಳಲ್ಲಿ ಯಾವ ಗಿಡಕ್ಕೆ ಯಾವ ಚಿಟ್ಟೆ ಬರುತ್ತಿತ್ತು ಎಂಬುದು ಅಲ್ಲಿ ಬಾಳಿದ ಹೆಂಗಸರ ನೆನಪಿನಲ್ಲಿ ಮಾತ್ರ ಉಳಿದಿದೆ. ಇವತ್ತು ಪೇಟೆಯಲ್ಲೂ ಅಂಗಳಕ್ಕೆ ಸಿಮೆಂಟು, ಬೇಲಿಯ ಜಾಗಕ್ಕೆ ಕಾಂಪೌಂಡು. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಆ ಮೂವರು ಬರೆದಿಟ್ಟ ಚಿಟ್ಟೆಗಳಲ್ಲಿ ನಿಮ್ಮ ಓಣಿಯಲ್ಲಿ ಈಗ ಎಷ್ಟಿವೆ? ಅದನ್ನು ಹೇಳಬಲ್ಲವರು ಆ ಓಣಿಯವರೇ ಹೊರತು ಬೇರೆ ಯಾರೂ ಅಲ್ಲ. ನಿಮ್ಮ ಫೋಟೋ, ಅದರ ಕೆಳಗಿನ ತಾರೀಕು, ಆ ಲೆಕ್ಕಕ್ಕೆ ಸಾಕ್ಷಿ.

ದೀಪಾವಳಿಯ ಹೊತ್ತಿಗೆ ಮಳೆ ಹಿಂದಾಗಿ ಹಿತ್ತಿಲೆಲ್ಲ ಹಸಿರಾಗಿರುತ್ತದೆ, ಚಿಟ್ಟೆಗಳಿಗೆ ಅದು ಸುಗ್ಗಿಯ ಕಾಲ. ಅಷ್ಟರೊಳಗೆ ಲಿಂಬೆ ಗಿಡದ ಹತ್ತು ಫೋಟೋ ತೆಗೆದು ಕೈ ಪಳಗಿಸಿಕೊಳ್ಳಿ. ಚೆನ್ನಾಗಿ ಬಂದ ಒಂದನ್ನು ಪೇಟೆಯ ಸ್ಟುಡಿಯೋದಲ್ಲಿ ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ಪಡಸಾಲೆಯ ಗೋಡೆಗೆ ತೂಗುಹಾಕಿ. ಕೆಳಗೆ ನಿಮ್ಮ ಹೆಸರು ಬರೆಯುವುದನ್ನು ಮರೆಯಬೇಡಿ.